ಆ ಆದೇಶ ಠಾಣೆಯ ಪುಸ್ತಕದಲ್ಲೂ ಇರಲಿ: ಪೊಲೀಸ್ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪೊಲೀಸ್ ಮಹಾನಿರ್ದೇಶಕರು ಮತ್ತು ಮಹಾ ನಿರೀಕ್ಷಕರು,
ಕರ್ನಾಟಕ ರಾಜ್ಯ, ಬೆಂಗಳೂರು.

ವಿಷಯ: ಕೌಟುಂಬಿಕ ದೌರ್ಜನ್ಯ ಪ್ರಕರಣಗಳಲ್ಲಿ ನ್ಯಾಯಾಲಯ ಕೊಡುವ ರಕ್ಷಣಾ ಆದೇಶಗಳನ್ನು ಠಾಣೆಗಳಲ್ಲಿ ದಾಖಲಿಸಿ ಪಾಲನೆ ಮಾಡಿಸುವ ಬಗ್ಗೆ.

ಮಾನ್ಯರೇ,

ನಾನು ಒಬ್ಬ ಟೈಲರ್. ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ 22 ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ ತೆಗೆಯುವವರ ಕಣ್ಣಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಯಾವಾಗಲೂ ಗಿಡ್ಡ ತೋಳಿನ ರವಿಕೆ ಹಾಕುತ್ತಿದ್ದವರು ಒಂದು ದಿನ ಬಂದು, "ಅಕ್ಕ, ಈ ಸಲ ತೋಳು ಮೊಣಕೈವರೆಗೂ ಇಡಿ" ಅನ್ನುತ್ತಾರೆ. ಬೆನ್ನಿನ ಕಡೆ ಆಳ ಕಡಿಮೆ ಮಾಡಿ ಅನ್ನುತ್ತಾರೆ. ಟೇಪು ಹಿಡಿದು ತೋಳು ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಎಷ್ಟೋ ವರ್ಷ ಹಾಗೇ ನಡೆಯಿತು. ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಈ ಪತ್ರ ಬರೆಯುತ್ತಿರುವುದು ನನ್ನ ಅಂಗಡಿಯಲ್ಲೇ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ವಿಷಯಕ್ಕೆ. ವಯಸ್ಸು 28. ಒಂದನೇ ಕ್ಲಾಸಿಗೆ ಹೋಗುವ ಮಗ ಇದ್ದಾನೆ. ಆಕೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಆಕೆಯ ಹೆಸರು, ನಮ್ಮ ಊರು, ಠಾಣೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಯಾರೋ ಒಬ್ಬ ಅಧಿಕಾರಿಗೆ ಶಿಕ್ಷೆ ಆಗಲಿ ಅಂತ ನಾನು ಕೇಳುತ್ತಿಲ್ಲ. ನ್ಯಾಯಾಲಯದ ಒಂದೇ ಕಾಗದ, ಒಂದೇ ಠಾಣೆಯಲ್ಲಿ, ಮೊದಲು ಕೆಲಸಕ್ಕೆ ಬರಲಿಲ್ಲ. ಆಮೇಲೆ ಬಂತು. ಈಗ ಮತ್ತೆ ಕೆಲಸಕ್ಕೆ ಬಾರದ ಹಾಗೆ ಆಗುತ್ತಿದೆ. ಯಾಕೆ ಹೀಗಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ.

ಆಕೆಗೆ ಮದುವೆಯಾಗಿ ಎಂಟು ವರ್ಷ. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ. ಶನಿವಾರ ನಾನು ಕೊಡುವ ವಾರದ ಸಂಬಳ ಭಾನುವಾರ ಬೆಳಿಗ್ಗೆ ಆಕೆಯ ಕೈಯಲ್ಲಿ ಇರುತ್ತಿರಲಿಲ್ಲ. ಹೊಡೆತಕ್ಕೆ ಕಾರಣವೇ ಬೇಕಾಗಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯಿತು, ಫೋನ್ ತೆಗೆಯಲು ತಡ ಮಾಡಿದಳು, ತವರಿನಿಂದ ಯಾರೋ ಬಂದರು, ಯಾವುದೋ ಒಂದು. ಮೂರು ಸಲ ಠಾಣೆಗೆ ಹೋದಳು. ಮೂರು ಸಲವೂ ಗಂಡನನ್ನು ಕರೆಸಿದರು, ಬೈದರು, ಮುಚ್ಚಳಿಕೆ ಬರೆಸಿಕೊಂಡರು, ಇಬ್ಬರನ್ನೂ ಅದೇ ಆಟೊದಲ್ಲಿ ಮನೆಗೆ ಕಳಿಸಿದರು. ಮೂರನೇ ಸಲ ಮನೆ ಸೇರುವವರೆಗೂ ಅವನು ಕಾಯಲಿಲ್ಲ. ದಾರಿಯಲ್ಲೇ ಗಾಡಿ ನಿಲ್ಲಿಸಿ ಹೊಡೆದ.

ಬೇರೆ ದಾರಿ ಇದೆ ಅಂತ ಆಕೆಗೆ ಹೇಳಿದವರು ಮಗ ಹೋಗುತ್ತಿದ್ದ ಅಂಗನವಾಡಿಯ ಟೀಚರ್. "ಸಿಡಿಪಿಒ ಮೇಡಂ ಹತ್ರ ಹೋಗು. ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಅವರೇ ಸಂರಕ್ಷಣಾಧಿಕಾರಿ" ಅಂದರು. ಸಿಡಿಪಿಒ ಅಂದರೆ ತಾಲ್ಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಇದನ್ನು ಅಂಗನವಾಡಿ ಟೀಚರ್ ಹೇಳಬೇಕಾಯಿತು ಸಾರ್. ಮೂರು ಸಲ ಹೋದರೂ ಠಾಣೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ದೂರು ತಂದ ಹೆಣ್ಣುಮಗಳಿಗೆ ರಕ್ಷಣಾ ಆದೇಶ ಕೇಳುವ ಹಕ್ಕು ಇದೆ, ಸಂರಕ್ಷಣಾಧಿಕಾರಿ ಇದ್ದಾರೆ, ಉಚಿತವಾಗಿ ವಕೀಲರು ಸಿಗುತ್ತಾರೆ, ಬೇಕಾದರೆ ಕ್ರಿಮಿನಲ್ ದೂರನ್ನೂ ಕೊಡಬಹುದು ಅಂತ ತಿಳಿಸುವುದು ಪೊಲೀಸರ ಕರ್ತವ್ಯ. 2005ರ ಕಾಯ್ದೆಯ 5ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದು ಹೊಸ ಕಾನೂನು ಅಂತ ಯಾರೂ ಹೇಳುವ ಹಾಗಿಲ್ಲ.

ಸಿಡಿಪಿಒ ಕಚೇರಿಯಲ್ಲಿ ಡಿಐಆರ್ ಬರೆದರು. ಅಂದರೆ ಮನೆಯಲ್ಲಿ ನಡೆದದ್ದೆಲ್ಲ ತುಂಬಿಸುವ ವರದಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲರು ಸಿಕ್ಕರು, ಹಣ ಕೇಳಲಿಲ್ಲ. ಅವರು ಮೊದಲ ದಿನವೇ ಆಕೆಯನ್ನು ಕೇಳಿದರು, "ನಿನಗೆ ಏನು ಬೇಕಮ್ಮ?" ಆಕೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಅವರನ್ನ ಜೈಲಿಗೆ ಹಾಕಿಸೋದು ಬೇಡ ಸಾರ್. ನನ್ನ ಹತ್ರ ಬರದೇ ಇದ್ರೆ ಸಾಕು. ರಾತ್ರಿ ನಿದ್ದೆ ಬರಬೇಕು." ರಕ್ಷಣಾ ಆದೇಶ ಇರುವುದು ಇಂಥವರಿಗೇ ಅಲ್ವಾ? ಅದು ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಹೊಡೆಯಬೇಡ, ಹತ್ತಿರ ಬರಬೇಡ, ಫೋನ್ ಮಾಡಬೇಡ ಅನ್ನುತ್ತದೆ. ಆ ಮಾತು ಮೀರಿದಾಗ ಮಾತ್ರ ಜೈಲಿನ ಪ್ರಶ್ನೆ ಬರುತ್ತದೆ.

ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು ಅಂತ ಕಾಯ್ದೆಯಲ್ಲಿದೆ. ನಮಗೆ 24 ದಿನ ಹಿಡಿಯಿತು. ಅದರ ಬಗ್ಗೆ ಇಲ್ಲಿ ಬೆಳೆಸುವುದಿಲ್ಲ. ಮ್ಯಾಜಿಸ್ಟ್ರೇಟರು ಅರ್ಜಿ ಮತ್ತು ಪ್ರಮಾಣಪತ್ರ ಓದಿ, ಅದೇ ದಿನ ಮಧ್ಯಂತರ ಆದೇಶ ಕೊಟ್ಟರು. ಗಂಡ ಆಕೆಯ ಮೇಲೆ ಯಾವುದೇ ದೌರ್ಜನ್ಯ ಮಾಡಬಾರದು. ಆಕೆಯ ಕೆಲಸದ ಜಾಗಕ್ಕೆ, ಮಗನ ಶಾಲೆಗೆ ಬರಬಾರದು. ಎದುರಿಗೆ ಬಂದಾಗಲಿ, ಬರೆದಾಗಲಿ, ಫೋನಿನಲ್ಲಾಗಲಿ, ಮೆಸೇಜಿನಲ್ಲಾಗಲಿ ಸಂಪರ್ಕ ಮಾಡಬಾರದು. ಆಕೆಗೆ ಸಹಾಯ ಮಾಡಿದವರ ಮೇಲೂ ಕೈ ಮಾಡಬಾರದು. ಆ ಕೊನೆಯ ಸಾಲಿನಲ್ಲಿ ನಾನೂ ಇದ್ದೆ. ನನ್ನ ಅಂಗಡಿಯ ವಿಳಾಸ ಆದೇಶದಲ್ಲಿ ಇತ್ತು. ಅಂಗಡಿಯ ಹಿಂದಿನ ಒಂದು ರೂಮಿನಲ್ಲಿ ತಾಯಿ ಮಗ ಇರತೊಡಗಿದರು.

ಎರಡು ಪುಟದ ಆದೇಶ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಆಕೆ ಎಸ್ಸೆಸ್ಸೆಲ್ಸಿ, ಗಂಡ ಏಳನೇ ಕ್ಲಾಸು, ನಾನು ಪಿಯುಸಿ ಮುಗಿಸದವಳು. ವಕೀಲರು ಕೂರಿಸಿಕೊಂಡು ಸಾಲು ಸಾಲು ಹೇಳಿದ್ದಕ್ಕೆ ನಮಗೆ ಅರ್ಥವಾಯಿತು. ಅವನಿಗೆ ಯಾರು ಹೇಳಬೇಕಿತ್ತು? ಮನೆಗೆ ಕಾಗದ ತಲುಪಿಸಿ, ಸಹಿ ತೆಗೆದುಕೊಂಡು ಬಂದರು. ಕೋರ್ಟಿನಿಂದ ಏನೋ ನೋಟಿಸ್ ಬಂದಿದೆ, ಡೇಟಿಗೆ ಹೋಗಬೇಕು ಅಂತಷ್ಟೇ ಅವನು ತಿಳಿದುಕೊಂಡ.

ಒಂಬತ್ತನೇ ದಿನ ಬಂದ. ಅಂಗಡಿಯ ಒಳಗೆ ಬರಲಿಲ್ಲ. ಎದುರಿಗಿರುವ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ನಮ್ಮ ಬಾಗಿಲನ್ನೇ ನೋಡುತ್ತಿದ್ದ. ಆಕೆ ಅವತ್ತು ಹೊಲಿದ ಐದು ರವಿಕೆಗಳನ್ನೂ ಮರುದಿನ ಬಿಚ್ಚಿ ಹೊಲಿಯಬೇಕಾಯಿತು. ಕೈ ಅಷ್ಟು ನಡುಗಿತ್ತು. ಅದೇ ವಾರ ಒಂದು ರಾತ್ರಿ ಬೇರೆ ಬೇರೆ ನಂಬರುಗಳಿಂದ 41 ಕಾಲ್ ಬಂದವು. ಆದೇಶ ಹಿಡಿದುಕೊಂಡು ನಾವಿಬ್ಬರೂ ಠಾಣೆಗೆ ಹೋದೆವು.

ಅಲ್ಲಿ ಕೇಳಿದ ಮಾತುಗಳನ್ನು ಬರೆಯುತ್ತೇನೆ. ಬೇರೆ ಊರುಗಳ ಠಾಣೆಗಳಲ್ಲೂ ಹೆಣ್ಣುಮಕ್ಕಳು ಇವೇ ಮಾತು ಕೇಳಿ ವಾಪಸ್ ಬರುತ್ತಿದ್ದಾರೆ ಅಂತ ಆ ವಕೀಲರು ಹೇಳಿದರು.

"ಅವನೇನು ಹೊಡೆದಿಲ್ವಲ್ಲಮ್ಮ. ಕೂತಿದ್ದಾನೆ ಅಷ್ಟೇ. ರಸ್ತೆ ಏನು ನಿಮ್ಮದಾ?" ಹೊಡೆದರೆ ಮಾತ್ರ ಅಪರಾಧ ಅನ್ನುವುದಾದರೆ ಆದೇಶ ಯಾಕೆ ಬೇಕಿತ್ತು? ಹೊಡೆತಕ್ಕೆ ಬೇರೆ ಕಾನೂನು ಮೊದಲೇ ಇತ್ತಲ್ಲ. ಹೊಡೆತ ಬೀಳುವ ಮೊದಲು ತಡೆಯಲಿ ಅಂತಲೇ ನ್ಯಾಯಾಲಯ ಬರಬೇಡ ಅಂದದ್ದು. ಬಾಗಿಲ ಎದುರು ಐದು ಗಂಟೆ ಕೂತವನು ಒಂದು ಮಾತೂ ಆಡದೆ ತಾನು ಹೇಳಬೇಕಾದ್ದನ್ನು ಹೇಳಿ ಹೋದ. ಆಮೇಲೆ ವಕೀಲರು ಇನ್ನೊಂದು ಅರ್ಜಿ ಹಾಕಿ, ಅಂಗಡಿ, ರೂಮು, ಶಾಲೆ ಮೂರರಿಂದಲೂ 100 ಮೀಟರ್ ದೂರ ಇರಬೇಕು ಅಂತ ಆದೇಶದಲ್ಲಿ ಸೇರಿಸಿದರು. ಆದರೆ ಅದು ಆದದ್ದು ಆಕೆಯ ಕೈ ಮುರಿದ ಮೇಲೆ.

"ಇದು ಸಿವಿಲ್ ಮ್ಯಾಟರ್. ಕೋರ್ಟಿಗೇ ಹೋಗಿ ಹೇಳಿ." ಆದೇಶ ಕೊಡುವವರೆಗೆ ಸಿವಿಲ್ ಇರಬಹುದು. ಮೀರಿದರೆ ಅದು ಅಪರಾಧ. 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧ್ಯಂತರ ಆದೇಶಕ್ಕೂ ಇದೇ ಅನ್ವಯ. 32ನೇ ಸೆಕ್ಷನ್ ಅದನ್ನು ಸಂಜ್ಞೇಯ, ಜಾಮೀನುರಹಿತ ಅಪರಾಧ ಅನ್ನುತ್ತದೆ. ಸಂಜ್ಞೇಯ ಅಂದರೆ ಏನು ಅಂತ ಒಬ್ಬ ಟೈಲರ್ ನಿಮಗೆ ಹೇಳಬೇಕಾಗಿಲ್ಲ. ಕೋರ್ಟಿನ ಅಪ್ಪಣೆಗೆ ಕಾಯದೆ ಠಾಣೆಯೇ ಎಫ್‌ಐಆರ್ ಹಾಕಿ ತನಿಖೆ ಶುರು ಮಾಡಬಹುದು.

"ಸಾಕ್ಷಿ ಎಲ್ಲಿ?" ಕಾಯ್ದೆ ಇದಕ್ಕೂ ಉತ್ತರ ಇಟ್ಟಿದೆ. ಆದೇಶ ಮೀರಿದ ಅಪರಾಧದಲ್ಲಿ ನೊಂದ ಹೆಣ್ಣಿನ ಒಬ್ಬಳ ಸಾಕ್ಷ್ಯದ ಮೇಲೆಯೇ ನ್ಯಾಯಾಲಯ ತೀರ್ಮಾನಕ್ಕೆ ಬರಬಹುದು. ಮನೆಯೊಳಗೆ, ಕತ್ತಲಲ್ಲಿ ನಡೆಯುವ ಸಂಗತಿಗೆ ಇನ್ಯಾರು ಸಾಕ್ಷಿ ಇರುತ್ತಾರೆ ಅಂತ ಯೋಚಿಸಿ ಬರೆದವರು ಬರೆದಿದ್ದಾರೆ. ನಮ್ಮ ಹತ್ತಿರವಂತೂ ಟೀ ಅಂಗಡಿಯವರು ಇದ್ದರು, ಕಾಲ್ ಲಿಸ್ಟ್ ಇತ್ತು. ಅದನ್ನೂ ಯಾರೂ ನೋಡಲಿಲ್ಲ.

"ಆರ್ಡರ್ ಕಾಪಿ ನಮಗೆ ಬಂದೇ ಇಲ್ಲ." ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಮಾತು. ಆದೇಶದ ಪ್ರತಿಯನ್ನು ಎರಡೂ ಕಡೆಯವರಿಗೆ ಕೊಡುವ ಹಾಗೆಯೇ ಆ ವ್ಯಾಪ್ತಿಯ ಠಾಣಾಧಿಕಾರಿಗೂ ಕೊಡಬೇಕು, ಅದಕ್ಕೆ ಶುಲ್ಕ ಇಲ್ಲ ಅಂತ 24ನೇ ಸೆಕ್ಷನ್ ಹೇಳುತ್ತದೆ. ವಕೀಲರು ವಿಚಾರಿಸಿದಾಗ ಗೊತ್ತಾಯಿತು, ಆದೇಶದ ಪ್ರತಿ ಆ ಠಾಣೆಗೆ ಬಂದಿತ್ತು. ಟಪಾಲಿನ ಜೊತೆ ಬಂದು, ಯಾವುದೋ ಫೈಲಿನೊಳಗೆ ಸೇರಿಹೋಗಿತ್ತು. ಕೆಟ್ಟ ಮನಸ್ಸಿನಿಂದ ಯಾರೂ ಬಚ್ಚಿಟ್ಟಿರಲಿಲ್ಲ. ಅದನ್ನು ಬರೆದಿಡುವ ಒಂದು ಪುಸ್ತಕವೇ ಅಲ್ಲಿ ಇರಲಿಲ್ಲ.

ಕಡೆಗೆ, "ಸಂಸಾರ ಅಂದ್ಮೇಲೆ ಇವೆಲ್ಲ ಇರುತ್ತೆ, ಹೊಂದ್ಕೊಂಡು ಹೋಗಮ್ಮ" ಅಂದರು. ದೂರಿಗೆ ಉತ್ತರವಾಗಿ ಒಂದು ಹಿಂಬರಹದ ಕಾಗದ ಕೊಟ್ಟು ಕಳಿಸಿದರು.

ಹನ್ನೊಂದು ದಿನ ಆದ ಮೇಲೆ, ಒಂದು ಗುರುವಾರ ಸಂಜೆ ಆರೂವರೆಗೆ ಅವನು ಅಂಗಡಿಯೊಳಗೆ ನುಗ್ಗಿದ. ಆಗ ಇಬ್ಬರು ಗಿರಾಕಿಗಳು ಇದ್ದರು. ಮಗ ಕಟಿಂಗ್ ಟೇಬಲ್ಲಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದ. ಇಸ್ತ್ರಿಪೆಟ್ಟಿಗೆ ಕೈಗೆ ಸಿಕ್ಕಿತು, ಅದರಲ್ಲೇ ಹೊಡೆದ. ತಲೆಗೆ ಬೀಳಬೇಕಾದ ಏಟನ್ನು ಆಕೆ ಎಡಗೈ ಅಡ್ಡ ಹಿಡಿದು ತಡೆದಳು. ಮುಂಗೈ ಮೂಳೆ ಮುರಿಯಿತು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವ ಕೈ ಅದು. ಮೂರು ತಿಂಗಳು ಆಕೆ ಮೆಷಿನ್ ಮುಟ್ಟಲಿಲ್ಲ. ಹುಡುಗ ಟೇಬಲ್ಲಿನ ಕೆಳಗಿಂದ ಹೊರಗೆ ಬರಲು ರಾತ್ರಿ ಒಂಬತ್ತಾಯಿತು.

ಆಗ ಎಫ್‌ಐಆರ್ ಆಯಿತು. ಅವನು ಜೈಲಿಗೂ ಹೋಗಿ, ಜಾಮೀನಿನ ಮೇಲೆ ಬಂದ. ಜೈಲು ಬೇಡ ಅಂದವಳ ಗಂಡ ಜೈಲಿಗೆ ಹೋಗುವಂತಾದದ್ದು ಮೊದಲೇ ಯಾರೂ ತಡೆಯದೆ ಇದ್ದದ್ದರಿಂದ. ಟೀ ಅಂಗಡಿಯ ಬೆಂಚಿನ ದಿನವೇ ಠಾಣೆ ಅವನನ್ನು ಕರೆಸಿದ್ದರೆ ಆಕೆಯ ಕೈಯೂ ಉಳಿಯುತ್ತಿತ್ತು, ಅವನೂ ಅಷ್ಟು ದೂರ ಹೋಗುತ್ತಿರಲಿಲ್ಲ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಆಮೇಲೆ ನಡೆದದ್ದನ್ನು ನೋಡಿ ಹೇಳುತ್ತಿದ್ದೇನೆ.

ಆ ತಿಂಗಳು ಠಾಣೆಗೆ ಹೊಸ ಸಬ್ ಇನ್‌ಸ್ಪೆಕ್ಟರ್ ಬಂದರು. ಅವರು ಮಾಡಿದ್ದು ದೊಡ್ಡ ಕೆಲಸ ಏನಲ್ಲ. ಒಂದು ಉದ್ದನೆಯ ನೋಟ್‌ಬುಕ್ ತರಿಸಿ, ಗೆರೆ ಎಳೆಸಿ, ವ್ಯಾಪ್ತಿಯಲ್ಲಿದ್ದ ರಕ್ಷಣಾ ಆದೇಶಗಳನ್ನೆಲ್ಲ ಅದರಲ್ಲಿ ಬರೆಸಿದರು. ಫೈಲುಗಳಲ್ಲಿ ಹುಡುಕಿದಾಗ ನಮ್ಮದೂ ಸೇರಿ ಏಳು ಆದೇಶ ಸಿಕ್ಕವು. ಪ್ರತಿಯೊಂದರ ಎದುರು ಬೀಟ್ ಪೊಲೀಸರ ಹೆಸರು, ಆ ಹೆಣ್ಣುಮಗಳ ಫೋನ್ ನಂಬರ್. ಆಮೇಲೆ ಜಾಮೀನಿನ ಮೇಲೆ ಬಂದಿದ್ದ ಗಂಡನನ್ನು ಕರೆಸಿ, ಎದುರು ಕೂರಿಸಿ, ಆದೇಶವನ್ನು ಕನ್ನಡದಲ್ಲಿ ಒಂದೊಂದೇ ಸಾಲು ಓದಿ ಹೇಳಿದರು. ಕೂಗಲಿಲ್ಲ, ಕೈ ಎತ್ತಲಿಲ್ಲ. "ಇದನ್ನ ನಿನ್ನ ಹೆಂಡತಿ ಹೇಳಿದ್ದಲ್ಲ, ನ್ಯಾಯಾಧೀಶರು ಹೇಳಿದ್ದು. ಮೀರಿದ್ರೆ ನಿನ್ನ ಹೆಂಡತಿ ಬೇಡ ಅಂದ್ರೂ ನಾನು ಕೇಸ್ ಹಾಕ್ತೀನಿ" ಅಂದರು. ಪಕ್ಕದ ಬೆಂಚಿನಲ್ಲಿ ಕೂತು ನಾನೇ ಕೇಳಿದ್ದೇನೆ. ಅವನು ಮೊದಲ ಸಲ, "ಫೋನೂ ಮಾಡಬಾರ್ದಾ ಸಾರ್?" ಅಂತ ಕೇಳಿದ. ಅಲ್ಲಿಯವರೆಗೆ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ದಿನದಿಂದ ರಾತ್ರಿ ಎಂಟಕ್ಕೆ ನಾವು ಬಾಗಿಲು ಹಾಕುವ ಹೊತ್ತಿಗೆ ಬೀಟ್ ಪೊಲೀಸ್ ಬೈಕಿನಲ್ಲಿ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಅರ್ಧ ನಿಮಿಷ ನಿಂತು, "ಎಲ್ಲಾ ಸರೀನಾ ಅಕ್ಕ?" ಅನ್ನುತ್ತಿದ್ದರು. ಎರಡು ತಿಂಗಳಾದ ಮೇಲೆ ಒಮ್ಮೆ ಅವನು ಮಗನ ಶಾಲೆಯ ಗೇಟಿನ ಹತ್ತಿರ ಬಂದು, ಹುಡುಗನ ಕೈಗೆ ಒಂದು ಚೀಟಿ ಕೊಟ್ಟು ಕಳಿಸಿದ. ಅದೇ ದಿನ 31ನೇ ಸೆಕ್ಷನ್ನಿನಲ್ಲಿ ಎಫ್‌ಐಆರ್ ಆಯಿತು. ಅದಾದ ಮೇಲೆ ಹತ್ತು ತಿಂಗಳು ಅವನು ನಮ್ಮ ರಸ್ತೆಗೆ ಬಂದಿಲ್ಲ. ಒಂದು ಕಾಲ್ ಇಲ್ಲ, ಒಂದು ಮೆಸೇಜ್ ಇಲ್ಲ. ಆಕೆಗೆ ನಿದ್ದೆ ಬರತೊಡಗಿತು. ಹುಡುಗ ಈಗ ಟೇಬಲ್ಲಿನ ಮೇಲೆ ಕೂತು ಬಣ್ಣ ಹಚ್ಚುತ್ತಾನೆ.

ಆದೇಶದಲ್ಲಿ ಬದಲಾದದ್ದು 100 ಮೀಟರಿನ ಒಂದು ಸಾಲು ಮಾತ್ರ. ಉಳಿದಂತೆ ಅದೇ ಎರಡು ಪುಟ. ಅದು ಆಕೆಯ ಪರ್ಸಿನಲ್ಲಿ ಮಾತ್ರ ಇದ್ದಾಗ ಕೈ ಮುರಿಯಿತು. ಠಾಣೆಯ ಪುಸ್ತಕದಲ್ಲೂ ಇದ್ದಾಗ ಅವನು ರಸ್ತೆಗೇ ಬರಲಿಲ್ಲ.

ಈಗ ಈ ಪತ್ರ ಯಾಕೆ ಅಂದರೆ, ಆ ಸಬ್ ಇನ್‌ಸ್ಪೆಕ್ಟರ್‌ಗೆ ಕಳೆದ ತಿಂಗಳು ವರ್ಗವಾಯಿತು. ಬೀಟ್ ಪೊಲೀಸರೂ ಬದಲಾದರು. ಹೊಸಬರಿಗೆ ಪರಿಚಯ ಹೇಳಿ ಬರೋಣ ಅಂತ ಆಕೆ ಹೋದರೆ, "ಯಾವ ಆರ್ಡರಮ್ಮ?" ಅಂತ ಕೇಳಿದರು. ಆ ನೋಟ್‌ಬುಕ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹೊಸ ಅಧಿಕಾರಿಯ ತಪ್ಪು ಏನೂ ಇಲ್ಲ. ಅದು ಇಲಾಖೆಯ ಪುಸ್ತಕ ಆಗಿರಲಿಲ್ಲ, ಒಬ್ಬ ಒಳ್ಳೆಯ ಮನುಷ್ಯರ ಪುಸ್ತಕ ಆಗಿತ್ತು. ಉಳಿದ ಆರು ಮನೆಗಳವರಿಗೆ ಇದು ಗೊತ್ತೋ ಇಲ್ಲವೋ ನನಗೆ ತಿಳಿಯದು. ಆಕೆ ಮತ್ತೆ ರಾತ್ರಿ ಎದ್ದು ಬಾಗಿಲ ಚಿಲಕ ನೋಡುತ್ತಿದ್ದಾಳೆ.

ಇದು ನಮ್ಮ ತಾಲ್ಲೂಕಿನ ಒಂದು ಮನೆಯ ಕಥೆ ಮಾತ್ರ ಅಲ್ಲ ಅಂತ ನಿಮಗೂ ಗೊತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಆಗ ದೇಶದಲ್ಲೇ ಅದು ಅತಿ ಹೆಚ್ಚು. ಅದಕ್ಕಿಂತ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಈಗ ಹೇಳಿಕೊಳ್ಳುವ ಧೈರ್ಯ ಬಂದಿದೆ, ಅದಕ್ಕೆ ಸಂಖ್ಯೆ ಏರಿದೆ ಅಂತ ಕೆಲವರು ಅನ್ನುತ್ತಾರೆ. ಇರಬಹುದು. ಹಾಗಿದ್ದರೆ ಧೈರ್ಯ ಮಾಡಿ ಹೇಳಿದವರಿಗೆ ನಾವು ಏನು ಕೊಟ್ಟೆವು? ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಸಹಾಯ ಕೇಳಿ ಹೊರಗೆ ಬಂದವರು ಶೇ 14 ಮಾತ್ರ ಅಂತಲೂ ಅದೇ ಸಮೀಕ್ಷೆ ಹೇಳುತ್ತದೆ. ಹೊರಗೆ ಬಂದವರಲ್ಲೂ ಬಹಳ ಜನ ತವರಿಗೆ, ನೆಂಟರಿಗೆ ಹೇಳಿಕೊಂಡವರು. ಇವರೆಲ್ಲರನ್ನೂ ದಾಟಿ ಠಾಣೆ, ಕೋರ್ಟು ಹತ್ತಿ ಆದೇಶ ತಂದವಳು ಎಷ್ಟು ದೂರ ನಡೆದು ಬಂದಿರುತ್ತಾಳೆ ಅಂತ ದಯವಿಟ್ಟು ಯೋಚಿಸಿ.

ಸಿಡಿಪಿಒಗಳ ಬಗ್ಗೆಯೂ ಒಂದು ಮಾತು. ಅದು ನಿಮ್ಮ ಇಲಾಖೆ ಅಲ್ಲ, ಆದರೂ ಹೇಳುತ್ತೇನೆ. ಇಡೀ ತಾಲ್ಲೂಕಿನ ಅಂಗನವಾಡಿಗಳ ಆಹಾರ, ಮೊಟ್ಟೆ, ಹಾಜರಿ, ಕಟ್ಟಡ ಎಲ್ಲ ನೋಡುವವರಿಗೇ ಸಂರಕ್ಷಣಾಧಿಕಾರಿಯ ಕೆಲಸವನ್ನೂ ಕೊಟ್ಟಿದ್ದಾರೆ. ನಮ್ಮ ಮೇಡಂ ಮಧ್ಯಾಹ್ನದ ಊಟ ಬಿಟ್ಟು ಡಿಐಆರ್ ತುಂಬಿದ್ದನ್ನು ನಾನು ನೋಡಿದ್ದೇನೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಎಲ್ಲ ರಾಜ್ಯಗಳೂ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕು, ಕಾಯ್ದೆಯ ಬಗ್ಗೆ ಜನರಿಗೆ ತಿಳಿಸಬೇಕು ಅಂತ ಹೇಳಿದೆ. ಆದರೆ ರಾತ್ರಿ ಹತ್ತು ಗಂಟೆಗೆ ಬಾಗಿಲು ಬಡಿದಾಗ ಸಂರಕ್ಷಣಾಧಿಕಾರಿ ಬರಲಾರರು. ಬರಬಲ್ಲವರು ಪೊಲೀಸರೇ.

ದುರುಪಯೋಗದ ಮಾತು ಬಂದೇ ಬರುತ್ತದೆ, ಅದಕ್ಕೆ ನಾನೇ ಮೊದಲು ಎತ್ತುತ್ತೇನೆ. ಯಾವ ಕಾನೂನನ್ನಾದರೂ ತಪ್ಪಾಗಿ ಬಳಸುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಆದೇಶ ಕೊಡುವುದು ಠಾಣೆ ಅಲ್ಲ, ಮ್ಯಾಜಿಸ್ಟ್ರೇಟರು. ಅನ್ಯಾಯ ಆಯಿತು ಅನ್ನುವ ಗಂಡ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ಪರಿಸ್ಥಿತಿ ಬದಲಾಗಿದೆ ಅಂತ ಆದೇಶ ಬದಲಿಸಲು ಅದೇ ಕೋರ್ಟನ್ನು ಕೇಳಬಹುದು. ಹೊಡೆಯದವನಿಗೆ ಹೊಡೆಯಬೇಡ ಅಂದರೆ ಅವನು ಕಳೆದುಕೊಳ್ಳುವುದು ಏನು? ಇದು ಹೆಂಡತಿಯರಿಗೆ ಮಾತ್ರ ಇರುವ ಕಾಯ್ದೆಯೂ ಅಲ್ಲ. ಮಗನಿಂದ ಏಟು ತಿನ್ನುವ ತಾಯಿ, ಅಣ್ಣ ಮನೆಯಿಂದ ಹೊರಗೆ ಹಾಕಿದ ತಂಗಿ, ಎಲ್ಲರಿಗೂ ಇದೆ. ನನ್ನ ಅಂಗಡಿಗೆ ಬರುವ ಒಬ್ಬ ಅಜ್ಜಿಗೆ ಇದನ್ನು ಹೇಳಿದಾಗ, "ಮಗನ ಮೇಲೂ ಹಾಕ್ಬೋದಾ?" ಅಂತ ಕೇಳಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಇನ್ನು ನನ್ನ ಕೋರಿಕೆ. ಪ್ರತಿ ಠಾಣೆಯಲ್ಲೂ ರಕ್ಷಣಾ ಆದೇಶಗಳಿಗೆ ಒಂದು ರಿಜಿಸ್ಟರ್ ಇರಬೇಕು ಅಂತ ನೀವು ಒಂದು ಸುತ್ತೋಲೆ ಹೊರಡಿಸಿ. ಆದೇಶದ ಪ್ರತಿ ಬಂದ ದಿನವೇ ಅದರಲ್ಲಿ ನಮೂದಾಗಲಿ. ಅಧಿಕಾರಿ ವರ್ಗವಾಗಿ ಹೋಗುವಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೇರೆ ರಿಜಿಸ್ಟರುಗಳ ಜೊತೆ ಇದನ್ನೂ ಹೊಸಬರಿಗೆ ಒಪ್ಪಿಸಲಿ. ನಾನು ಮುಖ್ಯವಾಗಿ ಕೇಳುವುದು ಇದನ್ನೇ. ಇದೊಂದು ಆದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಆಗುತ್ತದೆ. ಆದೇಶ ಇರುವ ಹೆಣ್ಣುಮಗಳು ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಿದಾಗ, ಈ ನಂಬರಿನವರಿಗೆ ಆದೇಶ ಇದೆ ಅಂತ ಅಲ್ಲಿ ಕೂತವರಿಗೆ ಕಾಣುವ ಹಾಗೆ ಮಾಡಲು ಸಾಧ್ಯವಿದ್ದರೆ ಅದನ್ನೂ ಮಾಡಿ. ಗಾಬರಿಯಲ್ಲಿ ಇರುವವಳಿಗೆ ಕಥೆ ಮೊದಲಿನಿಂದ ಹೇಳಲು ಆಗುವುದಿಲ್ಲ.

ಆದೇಶ ಬಂದ ವಾರದೊಳಗೆ ಆ ಗಂಡನನ್ನು ಕರೆಸಿ, ಕನ್ನಡದಲ್ಲಿ ಓದಿ ಹೇಳಿ, ಹೇಳಿದ್ದಕ್ಕೆ ಸಹಿ ತೆಗೆದುಕೊಳ್ಳಲಿ. ಮೀರಿದ ದೂರು ಬಂದರೆ ಅದೇ ದಿನ ಎಫ್‌ಐಆರ್ ಆಗಲಿ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿರುವುದನ್ನು ವಕೀಲರು ನನಗೆ ತಿಳಿಸಿದ್ದಾರೆ. ಎಲ್ಲರನ್ನೂ ಹಿಡಿದು ಹಾಕಿ ಅಂತ ನಾನು ಕೇಳುತ್ತಿಲ್ಲ. ಕೇಸು ದಾಖಲಿಸಿ, ನೋಟಿಸ್ ಕೊಟ್ಟು ಕರೆಸಿ. ಮತ್ತೆ ಅಪರಾಧ ಮಾಡುವುದನ್ನು ತಡೆಯಲು ಬಂಧನ ಬೇಕೇ ಬೇಕು ಅನ್ನಿಸಿದರೆ ಅದಕ್ಕೂ ಕಾನೂನಿನಲ್ಲಿ ಜಾಗ ಇದೆ. ಒಟ್ಟಿನಲ್ಲಿ ಆದೇಶ ಇರುವ ಪ್ರಕರಣದಲ್ಲಿ ಮತ್ತೆ ಮುಚ್ಚಳಿಕೆ, ಮತ್ತೆ ರಾಜಿ ಬೇಡ. ನ್ಯಾಯಾಲಯ ದೂರ ಇರು ಅಂದ ಇಬ್ಬರನ್ನು ಠಾಣೆ ಒಂದೇ ಆಟೊದಲ್ಲಿ ಕಳಿಸಬಾರದು.

ಆಕೆ ಹೆದರಿ ತವರಿಗೋ ಬೇರೆ ಜಿಲ್ಲೆಗೋ ಹೋಗಿದ್ದರೆ, "ನಮ್ಮ ವ್ಯಾಪ್ತಿ ಅಲ್ಲ" ಅನ್ನುವ ಉತ್ತರವೂ ಬೇಡ. ಈ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ ಅಂತ 27ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಾದರೂ ದೂರು ದಾಖಲಿಸಿಕೊಳ್ಳಬೇಕು ಅಂತ ಇದೆ.

ಪೊಲೀಸರ ಕೆಲಸದ ಭಾರ ನನಗೆ ಗೊತ್ತಿಲ್ಲದ್ದಲ್ಲ. ಬಂದೋಬಸ್ತು, ಜಾತ್ರೆ, ಚುನಾವಣೆ ಅಂತ ಅವರೂ ಮನೆ ಬಿಟ್ಟು ಓಡಾಡುತ್ತಾರೆ. ಎಷ್ಟೋ ಮಹಿಳಾ ಪೊಲೀಸರ ಸಮವಸ್ತ್ರ ಬಿಗಿ ಮಾಡಿ, ಸಡಿಲ ಮಾಡಿ ಕೊಟ್ಟಿದ್ದೇನೆ. ಅವರಲ್ಲೂ ತೋಳು ಹಿಂದಕ್ಕೆ ಎಳೆದುಕೊಂಡವರು ಇದ್ದರು ಅಂತ ಮಾತ್ರ ಇಲ್ಲಿ ಹೇಳುತ್ತೇನೆ.

ನೀವು ಸುತ್ತೋಲೆ ಹೊರಡಿಸಿದರೆ ಅದರ ಒಂದು ಪ್ರತಿ ಕನ್ನಡದಲ್ಲಿ ನಮಗೂ ಸಿಗುವ ಹಾಗೆ ಮಾಡಿ. ಅಳತೆ ತೆಗೆಯುವ ಪರದೆಯ ಹಿಂದೆ, ಕನ್ನಡಿಯ ಪಕ್ಕದ ಗೋಡೆ ಖಾಲಿ ಇದೆ. ಅಲ್ಲಿ ಅಂಟಿಸುತ್ತೇನೆ. ಗಂಡ, ಅತ್ತೆ ಯಾರೂ ಬರದ ಜಾಗ ಅದು. ಹೆಣ್ಣುಮಕ್ಕಳು ಅಲ್ಲಿ ಎರಡು ನಿಮಿಷ ಒಬ್ಬರೇ ನಿಂತಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರವೊಂದರ ಟೈಲರ್

ಪ್ರತಿ: ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಮಾಹಿತಿಗಾಗಿ